ಛಾಯಾಚಿತ್ರವೆಂಬ ಆಕರವೂ ಮಸೂರದ ಆಯ್ಕೆಯೂ

ಹಂಪೆಯ ವಿಠ್ಠಲ ದೇವಾಲಯದ ಅಂಗಳದಲ್ಲಿರುವ ಕಲ್ಲಿನ ರಥವನ್ನು ಚಿತ್ರದಲ್ಲಾದರೂ ಕಾಣದ ಇತಿಹಾಸ ವಿದ್ಯಾರ್ಥಿ ನಮ್ಮಲ್ಲಿ ವಿರಳ. ಇಂದು ಆ ರಥದ ನೆತ್ತಿ ಬರಿದಾಗಿದೆ. ಆದರೆ ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ಅಲೆಗ್ಸಾಂಡರ್ ಗ್ರೀನ್‌ಲಾ ೧೮೫೬ರಲ್ಲಿ ತೆಗೆದ ಛಾಯಾಚಿತ್ರದಲ್ಲಿ ಅದರ ಮೇಲೆ ಇಟ್ಟಿಗೆಯ ಶಿಖರವೊಂದು ನಿಂತಿದೆ. ಮುಂದೆ ಆ ಶಿಖರವನ್ನು ತೆಗೆದುಹಾಕಲಾಯಿತು. ಒಂದು ಚಿತ್ರವು ಕಳೆದುಹೋದ ಕಟ್ಟಡವನ್ನು ಹೀಗೆ ನಮ್ಮ ಕಣ್ಣೆದುರಿಗೆ ನಿಲ್ಲಿಸಬಲ್ಲುದಾದ್ದರಿಂದ, ಶಾಸನ ಕಾವ್ಯ ಕೈಫಿಯತ್ತುಗಳ ಸಾಲಿನಲ್ಲಿ ಛಾಯಾಚಿತ್ರಕ್ಕೂ ಆಕರದ ಸ್ಥಾನ ಸಲ್ಲತಕ್ಕದ್ದೆಂಬುದರಲ್ಲಿ ಎರಡು ಮಾತಿಲ್ಲ.

ಶಾಸನವನ್ನು ಓದುವಾಗ ನಾವು ಲಿಪಿಕಾರನನ್ನೂ ಕಲ್ಲುಕುಟಿಗನನ್ನೂ ನೆನೆಯುತ್ತೇವೆ. ಅವರಿಂದ ಆಗಿರಬಹುದಾದ ತಪ್ಪುಗಳನ್ನು ಎಣಿಕೆಗೆ ತಂದುಕೊಳ್ಳುತ್ತೇವೆ. ಕಾವ್ಯವನ್ನು ಬಳಸುವಾಗ ಕವಿಸಮಯವನ್ನು ಕಳೆದು ಉಳಿದುದನ್ನು ಎತ್ತಿಕೊಳ್ಳುತ್ತೇವೆ. ಛಾಯಾಚಿತ್ರದ ಮುಂದೆ ಮಾತ್ರ ಈ ಎಚ್ಚರ ಸಡಿಲವಾಗುತ್ತದೆ. ಯಂತ್ರ ನೋಡಿದ್ದು, ಆದಕಾರಣ ನಿಷ್ಪಕ್ಷಪಾತವಾದದ್ದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಯಂತ್ರದ ಮುಂದೆ ಒಂದು ಗಾಜು ಇದೆ. ಆ ಗಾಜನ್ನು ಯಾರೋ ಒಬ್ಬರು ಆಯ್ದುಕೊಂಡಿದ್ದಾರೆ. ಅನೇಕ ವೇಳೆ ಆಯ್ದುಕೊಳ್ಳುವ ಅವಕಾಶವೇ ಅವರಿಗೆ ಇರಲಿಲ್ಲ. ಚಿತ್ರದಲ್ಲಿ ಏನು ಸೇರಬೇಕು, ಏನು ಹೊರಗುಳಿಯಬೇಕು, ಯಾವುದು ದೊಡ್ಡದಾಗಿ ಯಾವುದು ಚಿಕ್ಕದಾಗಿ ಕಾಣಬೇಕು ಎಂಬುದನ್ನು ಛಾಯಾಗ್ರಾಹಕನೂ ಆ ಗಾಜೂ ಕೂಡಿ ತೀರ್ಮಾನಿಸಿರುತ್ತಾರೆ. ಪ್ರಕೃತ ಲೇಖನದಲ್ಲಿ ಆ ಗಾಜಿನ, ಎಂದರೆ ಮಸೂರದ, ಚರಿತ್ರೆಯನ್ನು ಇತಿಹಾಸಕಾರನಿಗೆ ಉಪಯುಕ್ತವಾಗುವಷ್ಟರ ಮಟ್ಟಿಗೆ ವಿವೇಚಿಸುತ್ತೇವೆ.

ಇಂದು ಅಂಗಡಿಗೆ ಲೆನ್ಸು ಕೊಳ್ಳಲು ಹೋದವರ ಮುಂದೆ ಮೂರು ಬಗೆಗಳನ್ನು ಮುಖ್ಯವಾಗಿ ಇಡುತ್ತಾರೆ: ನಿತ್ಯದ ಬಳಕೆಯದು, ಅಗಲವಾದ ನೋಟವನ್ನು ಹಿಡಿಯುವ ವಿಶಾಲಕೋನದ್ದು, ಸಣ್ಣ ವಸ್ತುವನ್ನು ಹತ್ತಿರದಿಂದ ತೆಗೆಯುವ ಮ್ಯಾಕ್ರೊ. (ದೂರದರ್ಶಕ ಮಸೂರಗಳ ಮಾತನ್ನು ಇಲ್ಲಿ ಎತ್ತುವುದಿಲ್ಲ.) ಈ ಮೂರು ಒಂದೇ ಕಾಲದಲ್ಲಿ ಹುಟ್ಟಿದವಲ್ಲ. ಒಂದೊಂದರ ಹಿಂದೆಯೂ ಬೇರೆ ಬೇರೆ ಅಗತ್ಯವಿದೆ. ಅವನ್ನು ತಿಳಿಯಲು ಎರಡು ಪದಗಳು ಸಾಕು. ದೂರದ ವಸ್ತುವಿನ ಬಿಂಬ ಮಸೂರದಿಂದ ಎಷ್ಟು ಹಿಂದೆ ಮೂಡುತ್ತದೆಯೋ ಅದು ಸಂಗಮದೂರ. ಅದು ಕಡಮೆಯಾದಷ್ಟೂ, ಅದೇ ಅಳತೆಯ ಫಲಕದ ಮೇಲೆ ನೋಟದ ಹರವು ಹೆಚ್ಚುತ್ತದೆ. ಸಂಗಮದೂರವನ್ನು ಮಸೂರದ ರಂಧ್ರದ ವ್ಯಾಸದಿಂದ ಭಾಗಿಸಿದರೆ ಬರುವುದು ಎಫ್ ಸಂಖ್ಯೆ. ಅದು ಚಿಕ್ಕದಾದಷ್ಟೂ ಬೆಳಕು ಹೆಚ್ಚು. ಬೆಳಕು, ಹರವು, ಅಂಚಿನವರೆಗಿನ ಸ್ಫುಟತೆ: ಇವುಗಳಲ್ಲಿ ಒಂದನ್ನು ಹೆಚ್ಚು ಬೇಡಿದವರು ಮತ್ತೊಂದನ್ನು ಬಿಟ್ಟುಕೊಡಬೇಕಾಯಿತು. ಮಸೂರದ ಚರಿತ್ರೆಯೆಲ್ಲ ಈ ಕೊಡುಕೊಳ್ಳುವಿಕೆಯ ಚರಿತ್ರೆಯೆಂದರೂ ಸಲ್ಲುತ್ತದೆ.

೧೮೩೯ರಲ್ಲಿ ಡಾಗೇರನ ವಿಧಾನ ಪ್ಯಾರಿಸಿನಲ್ಲಿ ಪ್ರಕಟವಾದಾಗ ಅವನ ಕ್ಯಾಮರಾಕ್ಕೆ ಮಸೂರ ಒದಗಿಸಿದವನು ಷಾರ್ಲ್ ಷೆವಾಲಿಯೆ. ಎರಡು ಗಾಜುಗಳನ್ನು ಅಂಟಿಸಿ ವರ್ಣದೋಷವನ್ನು ತಗ್ಗಿಸಿದ್ದ ಆ ಮಸೂರದ ಬಳಕೆಯ ರಂಧ್ರ ಸುಮಾರು ಎಫ್ ೧೫. ಬಿಸಿಲಿನಲ್ಲಿಯೂ ಫಲಕವನ್ನು ಹಲವು ನಿಮಿಷಗಳ ಕಾಲ ಬೆಳಕಿಗೆ ಒಡ್ಡಬೇಕಾಗಿತ್ತು. ಕಟ್ಟಡ ಅಲುಗದೆ ನಿಲ್ಲುತ್ತದೆ, ಮನುಷ್ಯ ನಿಲ್ಲಲಾರ. ಆರಂಭದ ಬೀದಿಯ ಚಿತ್ರಗಳು ನಿರ್ಜನವಾಗಿ ಕಾಣುವುದಕ್ಕೆ ಇದೇ ಕಾರಣ. ಆ ಚಿತ್ರಗಳನ್ನು ಮುಂದಿಟ್ಟುಕೊಂಡು ನಗರದ ಜನಸಂಚಾರದ ಬಗ್ಗೆ ಯಾರಾದರೂ ತೀರ್ಮಾನಕ್ಕೆ ಬಂದರೆ ಅದು ಎಂತಹ ತೀರ್ಮಾನವಾದೀತೆಂಬುದನ್ನು ಓದುಗರೇ ಊಹಿಸಬಹುದು.

ಮನುಷ್ಯನ ಮುಖವನ್ನು ಹಿಡಿಯಬೇಕೆಂಬ ಬಯಕೆಗೆ ಉತ್ತರ ವಿಯೆನ್ನಾದಿಂದ ಬಂತು. ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಗಣಿತದ ಪ್ರಾಧ್ಯಾಪಕನಾಗಿದ್ದ ಯೋಸೆಫ್ ಪೆಟ್ಸ್‌ವಾಲ್, ಸಹೋದ್ಯೋಗಿ ಎಟಿಂಗ್ಸ್‌ಹೌಸೆನ್ನನ ಪ್ರೇರಣೆಯಿಂದ, ೧೮೪೦ರಲ್ಲಿ ಎಫ್ ೩.೬ರ ಮಸೂರವನ್ನು ರೂಪಿಸಿದನು. ಅದನ್ನು ತಯಾರಿಸಿದವನು ಫ್ರೀಡ್ರಿಷ್ ಫೋಗ್ಟ್‌ಲೆಂಡರ್. ಅದುವರೆಗೆ ಗಾಜನ್ನು ಉಜ್ಜಿ ನೋಡಿ, ಮತ್ತೆ ಉಜ್ಜಿ ಹದಕ್ಕೆ ತರುವುದು ಕುಶಲಕರ್ಮಿಗಳ ರೂಢಿಯಾಗಿತ್ತು. ಪೆಟ್ಸ್‌ವಾಲನು ಮೊದಲು ಲೆಕ್ಕ ಹಾಕಿದನು, ಅನಂತರ ಗಾಜು ಮುಟ್ಟಿಸಿದನು. ಲೆಕ್ಕದ ಹೊರೆ ಎಷ್ಟಿತ್ತೆಂದರೆ, ಗಣಿತ ಬಲ್ಲ ಫಿರಂಗಿ ದಳದ ಸೈನಿಕರನ್ನು ಅವನ ನೆರವಿಗೆ ಕೊಡಲಾಯಿತು. ಹಳೆಯ ಮಸೂರಕ್ಕಿಂತ ಹದಿನಾರು ಪಟ್ಟಿಗೂ ಹೆಚ್ಚು ಬೆಳಕನ್ನು ಕೊಡುವ ಈ ಮಸೂರದಿಂದ ಒಡ್ಡುವ ಕಾಲ ನಿಮಿಷಗಳಿಂದ ಸೆಕೆಂಡುಗಳಿಗೆ ಇಳಿಯಿತು. ಮುಖಚಿತ್ರ ತೆಗೆಯುವುದು ಒಂದು ಜೀವನೋಪಾಯವಾಯಿತು. ಗಣಿತಜ್ಞನಿಗೂ ತಯಾರಕನಿಗೂ ಮುಂದೆ ವ್ಯಾಜ್ಯ ಬೆಳೆದದ್ದು ಬೇರೆಯ ಕತೆ.

ಆದರೆ ಈ ಬೆಳಕಿಗೆ ತೆತ್ತ ಬೆಲೆಯುಂಟು. ಪೆಟ್ಸ್‌ವಾಲನ ಮಸೂರದ ಬಿಂಬ ಚಪ್ಪಟೆಯಾದ ಫಲಕದ ಮೇಲೆ ಕೂರದೆ ಬೋಗುಣಿಯ ಒಳಮೈಯಂತೆ ಬಾಗಿರುತ್ತದೆ. ನಡುಭಾಗ ಸ್ಫುಟ, ಅಂಚು ಮಬ್ಬು. ಆ ಕಾಲದ ಮುಖಚಿತ್ರಗಳಲ್ಲಿ ಕಣ್ಣು ಮೂಗು ಕಡೆದಿಟ್ಟಂತಿದ್ದು, ಉಡುಪಿನ ಅಂಚು, ಕುರ್ಚಿಯ ಕೆತ್ತನೆ, ಹಿಂದಿನ ಪರದೆ ಕರಗಿಹೋಗಿರುವುದನ್ನು ಕೆಲವರು ಕಲಾವಿದನ ರಸಿಕತೆಯೆಂದು ಹೊಗಳುತ್ತಾರೆ. ಬಹುಮಟ್ಟಿಗೆ ಅದು ಮಸೂರದ ದೌರ್ಬಲ್ಯ. ವೇಷಭೂಷಣಗಳ ಚರಿತ್ರೆಯನ್ನು ಅಭ್ಯಸಿಸುವವರಿಗೆ ಈ ಮಬ್ಬಿನಿಂದ ಆದ ನಷ್ಟ ಸ್ವಲ್ಪದ್ದಲ್ಲ.

ಕಟ್ಟಡಗಳ ಸಮಸ್ಯೆ ಇದಕ್ಕೆ ತಲೆಕೆಳಗು. ಅಲ್ಲಿ ಕಾಲಕ್ಕೆ ಬರವಿಲ್ಲ, ಜಾಗಕ್ಕೆ ಬರ. ಇಕ್ಕಟ್ಟಾದ ಬೀದಿಯಲ್ಲಿಯೋ ಪ್ರಾಕಾರದೊಳಗೋ ನಿಂತ ಛಾಯಾಗ್ರಾಹಕ ಹಿಂದಕ್ಕೆ ಸರಿಯಲಾರ. ಅಗಲದ ನೋಟ ಬೇಕು, ಗೋಡೆಯ ನೇರಗೆರೆ ನೇರವಾಗಿಯೇ ಇರಬೇಕು. ಮುಂದೊಂದು ರಂಧ್ರವಿಟ್ಟ ಒಂಟಿ ಮಸೂರ ಅಂಚಿನ ಗೆರೆಗಳನ್ನು ಪೀಪಾಯಿಯ ಹಲಗೆಯಂತೆ ಹೊರಕ್ಕೆ ಬಾಗಿಸುತ್ತದೆ. ೧೮೫೯ರಲ್ಲಿ ಥಾಮಸ್ ಸಟನ್ ಎಂಬ ಆಂಗ್ಲನು ಗಾಜಿನ ಗೋಳದೊಳಗೆ ನೀರು ತುಂಬಿ ಸುಮಾರು ೧೨೦ ಡಿಗ್ರಿಯ ನೋಟವನ್ನು ಹಿಡಿದನು. ಬಿಂಬ ಬಾಗಿದ್ದುದರಿಂದ ಫಲಕವನ್ನೂ ಬಾಗಿದ ಗಾಜಿನಿಂದಲೇ ಮಾಡಬೇಕಾಯಿತು. ಅಂತಹ ಫಲಕಕ್ಕೆ ರಾಸಾಯನಿಕವನ್ನು ಸಮನಾಗಿ ಬಳಿಯುವ ಪಾಡು ಯಾರಿಗೂ ಬೇಡ. ಹೆಚ್ಚು ಬಾಳಿಕೆಯ ಉಪಾಯ ೧೮೬೬ರಲ್ಲಿ ಬಂತು. ಜರ್ಮನಿಯಲ್ಲಿ ಷ್ಟೈನ್‌ಹೈಲ್, ಲಂಡನ್ನಿನಲ್ಲಿ ಡಾಲ್‌ಮೈಯರ್, ಇಬ್ಬರೂ ಒಬ್ಬರನ್ನೊಬ್ಬರು ಅರಿಯದೆ ಒಂದೇ ರಚನೆಯನ್ನು ಹೊರತಂದರು: ಒಂದೇ ತೆರನಾದ ಎರಡು ಜೋಡಿಗಾಜುಗಳು ಎದುರುಬದುರು, ರಂಧ್ರ ನಡುವೆ. ಮುಂದಿನದು ಒಳಕ್ಕೆ ಬಾಗಿಸಿದ ಗೆರೆಯನ್ನು ಹಿಂದಿನದು ಹೊರಕ್ಕೆ ಎಳೆಯುವುದರಿಂದ ಗೆರೆ ನೇರವಾಗುತ್ತದೆ. ಎಫ್ ೮ರ ಈ ಮಸೂರ ಹಲವು ದಶಕಗಳ ಕಾಲ ಎಲ್ಲೆಡೆಯೂ ನಡೆಯಿತು.

ನಮ್ಮ ನಾಡಿನ ದೇವಾಲಯಗಳ ಮೊದಲ ಛಾಯಾಚಿತ್ರಗಳು ಈ ಸುಧಾರಣೆಗಿಂತ ಮುಂಚಿನವು ಎಂಬುದನ್ನು ಗಮನಿಸಬೇಕು. ಬೆಂಗಳೂರಿನಲ್ಲಿದ್ದ ಕ್ಯಾಪ್ಟನ್ ಲಿನೇಯಸ್ ಟ್ರೈಪ್ ೧೮೫೪ರಲ್ಲಿ ಹಳೇಬೀಡು ಬೇಲೂರುಗಳ ಗುಡಿಗಳನ್ನು ಚಿತ್ರಿಸಿ, ಮರುವರ್ಷ ಮದರಾಸಿನ ವಸ್ತುಪ್ರದರ್ಶನದಲ್ಲಿ ಇಟ್ಟನು. ಧಾರವಾಡ ಮತ್ತು ಮೈಸೂರುಗಳ ವಾಸ್ತುಶಿಲ್ಪವನ್ನು ಕುರಿತು ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ನರ ಬರಹಗಳೊಡನೆ ೧೮೬೬ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ದೊಡ್ಡ ಸಂಪುಟದಲ್ಲಿ ಪಿಗೊ, ನೀಲ್, ಬಿಗ್ಸ್ ಎಂಬ ಮೂವರ ಚಿತ್ರಗಳಿವೆ. ಇಂತಹ ಹಳೆಯ ಸಂಗ್ರಹಗಳಲ್ಲಿ ಹೊರಗೋಡೆಯ ಚಿತ್ರ ಹೆಚ್ಚು, ನವರಂಗದ ಒಳಗಿನದು ಕಡಮೆ. ಕತ್ತಲೆಯಲ್ಲಿ ಬೆಳಕಿನ ಹಸಿವುಳ್ಳ ಮಸೂರ ಬೇಕು. ಕಂಬಗಳ ಇಕ್ಕಟ್ಟಿನಲ್ಲಿ ಅಗಲದ ಮಸೂರ ಬೇಕು. ಇವೆರಡನ್ನೂ ಒಟ್ಟಿಗೆ ಕೊಡುವ ಮಸೂರ ಆಗ ಜಗತ್ತಿನಲ್ಲಿಯೇ ಇರಲಿಲ್ಲ. ಭುವನೇಶ್ವರಿಯ ಚಿತ್ರವಿಲ್ಲದ ಮಾತ್ರಕ್ಕೆ ಭುವನೇಶ್ವರಿಯ ಬಗ್ಗೆ ಅನಾದರವಿತ್ತೆಂದು ಬರೆಯುವುದು ಅವಸರದ ಮಾತಾಗುತ್ತದೆ.

ಮಸೂರ ಸೋತಲ್ಲಿ ಛಾಯಾಗ್ರಾಹಕ ಏನು ಮಾಡಿದನೆಂಬುದಕ್ಕೆ ಇದೇ ಟ್ರೈಪ್ ಒಂದು ಸೊಗಸಾದ ನಿದರ್ಶನ ಬಿಟ್ಟುಹೋಗಿದ್ದಾನೆ. ೧೮೫೮ರಲ್ಲಿ ತಂಜಾವೂರಿನ ಬೃಹದೀಶ್ವರ ದೇವಾಲಯದ ವಿಮಾನದ ಅಧಿಷ್ಠಾನವನ್ನು ಸುತ್ತುವರಿದ ಶಾಸನವನ್ನು ಅವನು ಚಿತ್ರಿಸಬೇಕಾಗಿತ್ತು. ದೂರ ನಿಂತರೆ ಅಕ್ಷರ ಓದಲು ಬಾರದು; ಹತ್ತಿರ ಬಂದರೆ ಶಾಸನ ಹಿಡಿಯದು. ಅವನು ಕ್ಯಾಮರಾವನ್ನು ಗೋಡೆಯುದ್ದಕ್ಕೂ ಸರಿಸುತ್ತ ಹೋಗಿ ಇಪ್ಪತ್ತೊಂದು ಚಿತ್ರಗಳನ್ನು ತೆಗೆದು, ಅವನ್ನು ಜೋಡಿಸಿ, ಸುಮಾರು ೧೯ ಅಡಿ ಉದ್ದದ ಒಂದೇ ಪಟ್ಟಿಯನ್ನು ಮಾಡಿದನು. ಶಾಸನಶಾಸ್ತ್ರದ ದೃಷ್ಟಿಯಿಂದ ನೋಡಿದರೆ, ಎಷ್ಟು ಅಗಲದ ಮಸೂರವೂ ಇದಕ್ಕಿಂತ ಉತ್ತಮವಾದ ಫಲವನ್ನು ಕೊಡುತ್ತಿರಲಿಲ್ಲವೆಂದು ನಮಗೆ ತೋರುತ್ತದೆ. ಏಕೆಂದರೆ ಪ್ರತಿಯೊಂದು ತುಂಡಿನಲ್ಲಿಯೂ ಕ್ಯಾಮರಾ ಗೋಡೆಗೆ ಎದುರಾಗಿಯೇ ಇದೆ.

ವಿಶಾಲಕೋನದ ಹಂಬಲ ತನ್ನ ತುದಿಯನ್ನು ಮುಟ್ಟಿದ್ದು ೧೯೦೦ರಲ್ಲಿ, ಗೋರ್ಟ್ಸ್ ಸಂಸ್ಥೆಗಾಗಿ ಎಮಿಲ್ ಫಾನ್ ಹೋಗ್ ರಚಿಸಿದ ಹೈಪರ್‌ಗಾನ್ ಮಸೂರದಲ್ಲಿ. ಅದರ ನೋಟ ಸುಮಾರು ೧೩೫ ಡಿಗ್ರಿ. ಇಲ್ಲಿ ಜ್ಯಾಮಿತಿಯ ಒಂದು ನಿಯಮ ಅಡ್ಡ ಬರುತ್ತದೆ: ನಡುವಿನಿಂದ ದೂರ ಹೋದಂತೆ ಬೆಳಕು ಕೋನದ ಕೊಸೈನಿನ ನಾಲ್ಕನೆಯ ಘಾತದ ಪ್ರಮಾಣದಲ್ಲಿ ಕುಗ್ಗುತ್ತದೆ. ೪೫ ಡಿಗ್ರಿಯಲ್ಲಿ ಕಾಲುಭಾಗ ಮಾತ್ರ ಉಳಿಯುತ್ತದೆ. ಹೈಪರ್‌ಗಾನಿನ ಅಂಚಿಗೆ ನಲವತ್ತರಲ್ಲಿ ಒಂದು ಪಾಲೂ ತಲಪುವುದಿಲ್ಲ. ಇದನ್ನು ಸರಿದೂಗಿಸಲು ಮಸೂರದ ಮುಂದೆ ನಕ್ಷತ್ರಾಕಾರದ ಪುಟ್ಟ ರಾಟೆಯೊಂದನ್ನು ಇಟ್ಟು, ರಬ್ಬರಿನ ಬುರುಡೆಯಿಂದ ಗಾಳಿ ಊದಿ ತಿರುಗಿಸುತ್ತಿದ್ದರು. ಅದು ನಡುವಿನ ಬೆಳಕನ್ನು ಅಷ್ಟು ಹೊತ್ತು ತಡೆಯುತ್ತಿತ್ತು. ಬುದ್ಧಿವಂತಿಕೆಯೂ ತಮಾಷೆಯೂ ಬೆರೆತ ಉಪಾಯ.

ಇಷ್ಟರಲ್ಲಿ ಗಾಜೇ ಬದಲಾಗಿತ್ತು. ೧೮೮೪ರಲ್ಲಿ ಅಬ್ಬೆ, ಷಾಟ್, ಜೈಸ್ ಇವರು ಯೇನಾದಲ್ಲಿ ಸ್ಥಾಪಿಸಿದ ಗಾಜಿನ ಪ್ರಯೋಗಶಾಲೆಯಿಂದ ಬೇರಿಯಂ ಮೊದಲಾದ ದ್ರವ್ಯಗಳನ್ನು ಬೆರೆಸಿದ ಹೊಸ ಗಾಜುಗಳು ಬಂದವು. ಅವುಗಳಿಂದ ಬಾಗಿದ ಬಿಂಬವನ್ನು ಚಪ್ಪಟೆ ಮಾಡುವುದು ಸಾಧ್ಯವಾಯಿತು. ಪೌಲ್ ರುಡಾಲ್ಫ್ ೧೮೯೦ರಲ್ಲಿ ರೂಪಿಸಿದ ಅನಸ್ಟಿಗ್ಮಾಟ್, ಇಂಗ್ಲೆಂಡಿನ ಡೆನಿಸ್ ಟೇಲರ್ ೧೮೯೩ರಲ್ಲಿ ರೂಪಿಸಿದ ಮೂರು ಗಾಜಿನ ಕುಕ್ ಮಸೂರ, ಮತ್ತೆ ರುಡಾಲ್ಫನದೇ ಆದ ೧೯೦೨ರ ಟೆಸ್ಸಾರ್, ಇವು ಇದರ ಫಲ. ಬೆಳಕೂ ಅಂಚಿನ ಸ್ಫುಟತೆಯೂ ಒಂದೇ ಮಸೂರದಲ್ಲಿ ತಕ್ಕಮಟ್ಟಿಗೆ ಕೂಡಿದ್ದು ಈಗಲೇ.

ನಿತ್ಯೋಪಯೋಗಿ ಮಸೂರದ ವಿಚಾರಕ್ಕೆ ಬರೋಣ. ೫೦ ಮಿಲಿಮೀಟರಿನ ಮಸೂರ ಮನುಷ್ಯನ ಕಣ್ಣಿನಂತೆಯೇ ನೋಡುತ್ತದೆಂಬ ಮಾತು ಕೈಪಿಡಿಗಳಲ್ಲಿ ಪದೇ ಪದೇ ಬರುತ್ತದೆ. ಇದನ್ನು ಒಪ್ಪುವುದು ಕಷ್ಟ. ೧೯೨೫ರಲ್ಲಿ ಲೈಪ್‌ಜಿಗ್ ಜಾತ್ರೆಯಲ್ಲಿ ಮಾರಾಟಕ್ಕೆ ಬಂದ ಲೈಕಾ ಕ್ಯಾಮರಾ ಸಿನಿಮಾ ಫಿಲ್ಮಿನ ಮೇಲೆ ೨೪ಕ್ಕೆ ೩೬ ಮಿಲಿಮೀಟರಿನ ಚಿತ್ರವನ್ನು ತೆಗೆಯುತ್ತಿತ್ತು. ಆ ಚೌಕದ ಕರ್ಣ ೪೩ ಮಿಲಿಮೀಟರು. ಮ್ಯಾಕ್ಸ್ ಬೆರೆಕ್ ಅದಕ್ಕೆ ೫೦ ಮಿಲಿಮೀಟರಿನ, ಎಫ್ ೩.೫ರ ಮಸೂರವನ್ನು ರೂಪಿಸಿದನು. ಅದರ ನೋಟ ಸುಮಾರು ೪೭ ಡಿಗ್ರಿ. ಇತರರು ಅದನ್ನು ಅನುಸರಿಸಿದರು, ರೂಢಿ ನಿಂತಿತು. ಆದರೆ ಅದಕ್ಕೂ ಹಿಂದೆ, ೧೮೮೮ರಲ್ಲಿ, ಸಾಮಾನ್ಯ ಜನರಿಗಾಗಿ ಬಂದ ಮೊದಲ ಕೊಡಕ್ ಪೆಟ್ಟಿಗೆಯ ಮಸೂರದ ನೋಟ ೬೦ ಡಿಗ್ರಿಯ ಸಮೀಪದಲ್ಲಿತ್ತು. ಇಂದು ಎಲ್ಲರ ಕೈಯಲ್ಲಿಯೂ ಇರುವ ಮೊಬೈಲ್ ಫೋನಿನ ಮುಖ್ಯ ಮಸೂರದ ನೋಟ ಸಾಮಾನ್ಯವಾಗಿ ೭೫ರಿಂದ ೮೫ ಡಿಗ್ರಿ. ಲೈಕಾದ ಕಾಲದಲ್ಲಿ ಇದನ್ನು ವಿಶಾಲಕೋನವೆಂದೇ ಕರೆಯುತ್ತಿದ್ದರು. ಎಂದಮೇಲೆ ‘ಸಹಜ ನೋಟ’ವೆಂಬುದು ಆಯಾ ಕಾಲದ ರೂಢಿಯೆನ್ನಬೇಕು. ಹತ್ತಿರದಿಂದ ತೆಗೆದ ಇಂದಿನ ಕುಟುಂಬಚಿತ್ರಗಳಲ್ಲಿ ಅಂಚಿನಲ್ಲಿ ನಿಂತವರ ಮುಖ ಅಡ್ಡಡ್ಡ ಹಿಗ್ಗಿರುವುದನ್ನು ಮುಂದಿನ ಇತಿಹಾಸಕಾರರು ಹೇಗೆ ಅರ್ಥಮಾಡಿಕೊಳ್ಳುವರೋ!

ನಡುವೆ ಒಂದು ಮಾತು. ಕನ್ನಡಿಯ ಮೂಲಕ ನೋಡುವ ರಿಫ್ಲೆಕ್ಸ್ ಕ್ಯಾಮರಾಗಳಲ್ಲಿ ಮಸೂರದ ಹಿಂದೆ ಕನ್ನಡಿ ಆಡುವಷ್ಟು ಜಾಗ ಬೇಕು; ಸಂಗಮದೂರ ಚಿಕ್ಕದಾದ ಮಸೂರವನ್ನು ಅಷ್ಟು ಮುಂದೆ ಇಡಲಾಗದು. ಪಿಯೆರ್ ಆಂಜೆನ್ಯೂ ೧೯೫೦ರಲ್ಲಿ ಮುಂದೊಂದು ನಿಮ್ನಗಾಜನ್ನು ಸೇರಿಸಿ ಈ ತೊಡಕನ್ನು ಬಿಡಿಸಿದನು. ಈ ಕ್ಯಾಮರಾಗಳಲ್ಲಿ ವಿಶಾಲಕೋನ ಸುಲಭವಾಗಿ ದೊರೆತದ್ದು ಅಲ್ಲಿಂದ ಮುಂದೆ.

ಮೂರನೆಯದಾದ ಸಮೀಪಚಿತ್ರಣವು ಇತಿಹಾಸಕಾರನಿಗೆ ಎಲ್ಲಕ್ಕಿಂತ ಹತ್ತಿರದ ವಿಷಯ. ಅದು ಹುಟ್ಟಿದ್ದೇ ಒಂದು ರೀತಿಯಲ್ಲಿ ಗ್ರಂಥಭಂಡಾರದ ಅಗತ್ಯದಿಂದ. ನಿತ್ಯದ ಮಸೂರವನ್ನು ದೂರದ ವಸ್ತುವಿಗೆ ಹೊಂದಿಸಿ ಲೆಕ್ಕ ಹಾಕಿರುತ್ತಾರೆ. ತಿದಿಯನ್ನು ಚಾಚಿಯೋ ಉಂಗುರಗಳನ್ನು ತೂರಿಸಿಯೋ ಅದನ್ನು ಹತ್ತಿರಕ್ಕೆ ತಂದರೆ ಬಿಂಬ ದೊಡ್ಡದಾಗುವುದು ನಿಜ, ಆದರೆ ಅಂಚು ಕೆಡುತ್ತದೆ. ಜಪಾನಿನಲ್ಲಿ ಹಸ್ತಪ್ರತಿಗಳನ್ನೂ ಅಚ್ಚಿನ ಗ್ರಂಥಗಳನ್ನೂ ಮೈಕ್ರೊಫಿಲ್ಮಿಗೆ ಇಳಿಸಲು ಹೊರಟಾಗ ಇದೇ ಕಷ್ಟ ಎದುರಾಯಿತು. ರೋಮನ್ ಅಕ್ಷರಗಳಿಗೆ ಸಾಕಾಗುತ್ತಿದ್ದ ಸ್ಫುಟತೆ, ಒಂದೊಂದು ಅಕ್ಷರದಲ್ಲಿ ಹತ್ತಿಪ್ಪತ್ತು ಗೆರೆಗಳು ಕಿಕ್ಕಿರಿದ ಕಾಂಜಿ ಲಿಪಿಗೆ ಸಾಲದಾಯಿತು. ನಿಕಾನ್ ಮಸೂರಗಳ ತಯಾರಕರು ೧೯೫೬ರಲ್ಲಿ ಹೊರತಂದ ೫೦ ಮಿಲಿಮೀಟರಿನ ಮೈಕ್ರೊ-ನಿಕ್ಕೋರ್ ಈ ಕೊರತೆಯನ್ನು ನೀಗುವುದಕ್ಕಾಗಿಯೇ ರಚಿತವಾದದ್ದು. ಅದಕ್ಕೆ ಒಂದು ವರ್ಷ ಮುಂಚೆ, ೧೯೫೫ರಲ್ಲಿ, ಕಿಲ್‌ಫಿಟ್ ಸಂಸ್ಥೆಯ ಮಾಕ್ರೊ-ಕಿಲಾರ್ ಯೂರೋಪಿನಲ್ಲಿ ಬಂದಿತ್ತು. ಒತ್ತಕ್ಷರಗಳ ಕೆಳಸಾಲನ್ನೂ, ಪ-ಷಗಳ ಭೇದವನ್ನು ತಿಳಿಸುವ ಎಳೆಗೆರೆಯನ್ನೂ ಓಲೆಗರಿಯಲ್ಲಿ ಹುಡುಕಿ ಕಣ್ಣು ನೋಯಿಸಿಕೊಂಡಿರುವ ನಮಗೆ ಕಾಂಜಿಯವರ ಕಷ್ಟ ತಟ್ಟನೆ ಅರ್ಥವಾಗುತ್ತದೆ.

ನಾಣ್ಯಗಳ ಉದಾಹರಣೆಯನ್ನು ತೆಗೆದುಕೊಳ್ಳೋಣ. ಮೈಸೂರಿನ ಕಂಠೀರವ ನರಸರಾಜ ಒಡೆಯರ ಕಾಲದ (೧೬೩೮-೧೬೫೯) ಚಿನ್ನದ ಹಣ ತೊಗರಿಕಾಳಿನಷ್ಟು ಸಣ್ಣದು. ವ್ಯಾಸ ೬ ಮಿಲಿಮೀಟರೆಂದು ಇಟ್ಟುಕೊಳ್ಳೋಣ. ಹಳೆಯ ಕ್ಯಾಮರಾಗಳ ೫೦ ಮಿಲಿಮೀಟರಿನ ನಿತ್ಯದ ಮಸೂರ ಒಂದು ಮೀಟರಿಗಿಂತ ಹತ್ತಿರ ಬರುತ್ತಿರಲಿಲ್ಲ. ಅಷ್ಟು ದೂರದಿಂದ ಆ ಹಣದ ಬಿಂಬ ಫಿಲ್ಮಿನ ಮೇಲೆ ಮಿಲಿಮೀಟರಿನ ಮೂರನೆಯ ಒಂದು ಪಾಲು ಮಾತ್ರ. ನರಸಿಂಹಮೂರ್ತಿ ಹಾಗಿರಲಿ, ನಾಣ್ಯವೇ ಒಂದು ಚುಕ್ಕೆ. ಮ್ಯಾಕ್ರೊ ಮಸೂರ ಅದನ್ನು ನಿಜಗಾತ್ರದಲ್ಲಿ, ಪೂರ್ತಿ ೬ ಮಿಲಿಮೀಟರಾಗಿ, ಮೂಡಿಸುತ್ತದೆ. ಆದರೆ ನಿಜಗಾತ್ರಕ್ಕೆ ಬಂದಾಗ ಬೆಳಕು ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಎಫ್ ೮ರಲ್ಲಿ ಸ್ಫುಟವಾಗುವ ಆಳ ಹೆಚ್ಚುಕಡಮೆ ಒಂದು ಮಿಲಿಮೀಟರು. ೫೦ ಮಿಲಿಮೀಟರಿನ ಮಸೂರವಾದರೆ ನಾಣ್ಯದಿಂದ ಹತ್ತು ಸೆಂಟಿಮೀಟರಿಗೆ ಇಳಿದು ತನ್ನ ನೆರಳನ್ನೇ ಅದರ ಮೇಲೆ ಚೆಲ್ಲುತ್ತದೆ. ೧೦೦ ಮಿಲಿಮೀಟರಿನದಾದರೆ ದೂರ ಇಮ್ಮಡಿಯಾಗಿ, ಪಕ್ಕದಿಂದ ಬೆಳಕು ಹಾಯಿಸಿ ಸವೆದ ಅಕ್ಷರವನ್ನು ಎಬ್ಬಿಸಲು ಎಡೆ ಸಿಗುತ್ತದೆ. ನಾಣ್ಯ, ಮುದ್ರೆ, ತಾಮ್ರಪಟಗಳ ಕೆಲಸ ಮಾಡುವವರು ಒಂದೇ ಮಸೂರ ಕೊಳ್ಳುವುದಾದರೆ ಈ ಎರಡನೆಯದನ್ನೇ ಕೊಳ್ಳಲಿ. ಹಾಳೆ, ಓಲೆಗರಿಗಳನ್ನು ಮೇಲಿನಿಂದ ತೆಗೆಯುವವರಿಗೆ ೫೦ ಅಥವಾ ೬೦ ಸಾಕು.

ವಿಶಾಲಕೋನವನ್ನು ಕುರಿತು ನಮ್ಮ ಅನುಭವವನ್ನು ಮುಚ್ಚಿಡದೆ ಹೇಳಬೇಕು. ಕೆಲವು ವರ್ಷಗಳ ಹಿಂದೆ, ಪೊದೆಗಳ ನಡುವೆ ಇದ್ದ ಒಂದೂವರೆ ಮೀಟರ್ ಎತ್ತರದ ವೀರಗಲ್ಲನ್ನು ೨೮ ಮಿಲಿಮೀಟರಿನ ಮಸೂರದಿಂದ ತೆಗೆದೆವು. ಹಿಂದೆ ಸರಿಯಲು ಜಾಗವಿರಲಿಲ್ಲ. ಕಲ್ಲಿಗೆ ೮೦ ಸೆಂಟಿಮೀಟರ್ ದೂರದಲ್ಲಿ ನಿಂತು, ಕ್ಯಾಮರಾವನ್ನು ಕಲ್ಲಿನ ತಲೆಯ ಮಟ್ಟದಲ್ಲಿ ಹಿಡಿದು, ಕೆಳಕ್ಕೆ ಓರೆಮಾಡಿ ತೆಗೆದದ್ದು. ಚಿತ್ರ ಅಂಚಿನವರೆಗೂ ಸ್ಫುಟವಾಗಿತ್ತು. ವಿಭಾಗಕ್ಕೆ ಮರಳಿ, ಮೇಲಿನ ಪಟ್ಟಿಕೆಯ ಶಿವಲಿಂಗ ಮತ್ತು ಅರ್ಚಕರ ಆಕೃತಿಗಳು ಕೆಳಗಿನ ಯುದ್ಧದೃಶ್ಯದ ಆಕೃತಿಗಳ ಎರಡರಷ್ಟಿವೆಯೆಂದು ಅಳೆದು, ಕೈಲಾಸಕ್ಕೆ ಶಿಲ್ಪಿ ಕೊಟ್ಟ ಪ್ರಾಶಸ್ತ್ಯವನ್ನು ಕುರಿತು ಎರಡು ಪುಟ ಬರೆದೂ ಆಯಿತು. ಅಳತೆಯ ಪಟ್ಟಿ ಹಿಡಿದು ಮತ್ತೆ ಹೋದ ವಿದ್ಯಾರ್ಥಿಗಳು ಎರಡೂ ಪಟ್ಟಿಕೆಗಳ ಆಕೃತಿಗಳು ಹೆಚ್ಚುಕಡಮೆ ಒಂದೇ ಗಾತ್ರದವೆಂಬ ವರದಿ ತಂದರು. ಲೆಕ್ಕ ಸರಳವಾದದ್ದು: ಮಸೂರದಿಂದ ಕಲ್ಲಿನ ತಲೆಗೆ ೮೦ ಸೆಂಟಿಮೀಟರು, ಬುಡಕ್ಕೆ ೧೭೦. ಎರಡು ಪಟ್ಟಿನ ಆ ವ್ಯತ್ಯಾಸವನ್ನು ನಾವು ಶಿಲ್ಪಿಯ ಮನಸ್ಸಿನಲ್ಲಿ ಇಟ್ಟಿದ್ದೆವು.

ಇಲ್ಲಿ ಮಸೂರವನ್ನು ದೂರುವುದು ಸರಿಯಲ್ಲ. ಹತ್ತಿರದ್ದು ದೊಡ್ಡದಾಗಿ ದೂರದ್ದು ಚಿಕ್ಕದಾಗಿ ಕಾಣುವುದು ನಿಂತ ಜಾಗದ ಫಲ. ಯಾವ ಮಸೂರವಾದರೂ ಅಲ್ಲಿಂದ ಹಾಗೆಯೇ ಕಾಣುತ್ತಿತ್ತು. ವಿಶಾಲಕೋನ ಮಾಡಿದ ಅಪಕಾರವೆಂದರೆ, ನಿಲ್ಲಬಾರದಷ್ಟು ಹತ್ತಿರ ನಿಂತರೂ ಇಡೀ ಕಲ್ಲನ್ನು ಚೌಕಟ್ಟಿನಲ್ಲಿ ತೋರಿಸಿ ನಮ್ಮನ್ನು ಸಮಾಧಾನಪಡಿಸಿದ್ದು. ಫಿಲ್ಮು ಕಲ್ಲಿಗೆ ಸಮಾನಾಂತರವಾಗಿದ್ದರೆ ಅದೇ ಮಸೂರ ಅದೇ ದೂರದಿಂದ ಪಟ್ಟಿಕೆಗಳ ಪ್ರಮಾಣವನ್ನು ಸರಿಯಾಗಿ ಕೊಡುತ್ತಿತ್ತು. ಉಬ್ಬುಶಿಲ್ಪದ ಆಕೃತಿಗಳು ಮಾತ್ರ ಅಂಚಿನಲ್ಲಿ ಕೊಂಚ ಹೊರಕ್ಕೆ ಜರುಗಿದಂತೆ ಕಾಣುತ್ತಿದ್ದುವು. ಓರೆಮಾಡಿದ ಚಿತ್ರದ ಗೆರೆಗಳನ್ನು ಗಣಕಯಂತ್ರದಲ್ಲಿ ನೇರ್ಪಡಿಸುವ ಸೌಕರ್ಯ ಈಗ ಉಂಟು. ಮೊಬೈಲ್ ಫೋನುಗಳು ಮಸೂರದ ವಕ್ರತೆಯನ್ನು ನಮ್ಮನ್ನು ಕೇಳದೆಯೇ ತಿದ್ದಿಬಿಡುತ್ತವೆ. ತಿದ್ದಿದ ಚಿತ್ರ ಕಣ್ಣಿಗೆ ಹಿತ. ಆದರೆ ಮೂಲದ ಅಳತೆ ತಿಳಿಯದೆ ತಿದ್ದಿದರೆ ಆ ಚಿತ್ರದಿಂದ ಅಳೆಯಲು ಹೋಗಬಾರದು.

ಆ ವೀರಗಲ್ಲನ್ನು ಮರುವರ್ಷ, ಊರಿನವರ ಒಪ್ಪಿಗೆ ಪಡೆದು ಪೊದೆ ಸವರಿದ ಮೇಲೆ, ಎರಡನೆಯ ಸಲ ತೆಗೆದೆವು: ೫೦ ಮಿಲಿಮೀಟರಿನ ಮಸೂರ, ಎರಡೂವರೆ ಮೀಟರ್ ದೂರ, ಕ್ಯಾಮರಾ ಕಲ್ಲಿನ ನಡುಮಟ್ಟದಲ್ಲಿ ನೆಲದಿಂದ ೭೫ ಸೆಂಟಿಮೀಟರ್ ಎತ್ತರದಲ್ಲಿ, ಪಕ್ಕದಲ್ಲೊಂದು ಅಳತೆಗೋಲು. ಈ ನಾಲ್ಕು ವಿವರಗಳನ್ನು ಚಿತ್ರದ ಬೆನ್ನಿಗೆ ಬರೆದು ವಿಭಾಗದ ಸಂಗ್ರಹದಲ್ಲಿ ಇಟ್ಟಿದ್ದೇವೆ. ಮೊದಲಿನ ಚಿತ್ರವೂ ಅದರ ಜೊತೆಯಲ್ಲಿಯೇ ಇದೆ.